ಟರ್ಬೊ ಕಾರು ತಡವರಿಸಿದಾಗ

ಟರ್ಬೊ ಇರುವ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದ ಮೇಲೆ ಪೂರ್ತಿ ಬಲ ಬರಲು ಒಂದಿಷ್ಟು ಹೊತ್ತು ಹಿಡಿಯುವುದು ಸಹಜ. ಸಿಲಿಂಡರಿನಿಂದ ಹೊರಬಿದ್ದ ಬಿಸಿ ಅನಿಲ ಮೊದಲು ಟರ್ಬೈನ್ ಚಕ್ರವನ್ನು ತಿರುಗಿಸಬೇಕು. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಬೇಕು. ನಿಧಾನವಾಗಿ ತಿರುಗುತ್ತಿದ್ದ ಆ ಪುಟ್ಟ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟುವಷ್ಟು ವೇಗ ಪಡೆಯುವವರೆಗಿನ ಈ ವಿಳಂಬಕ್ಕೆ ಟರ್ಬೊ ಲ್ಯಾಗ್ ಎಂದು ಹೆಸರು. ತಡವರಿಕೆ ಇದಲ್ಲ. ಲ್ಯಾಗ್ ಕಾರು ಹೊಸದಿದ್ದಾಗಲೂ ಇರುತ್ತದೆ, ದಿನವೂ ಒಂದೇ ತೆರನಾಗಿರುತ್ತದೆ, ಅದರ ನಂತರ ಬಲ ನಯವಾಗಿ ಏರುತ್ತದೆ. ತಡವರಿಕೆ ನಡುವೆ ಬಂದು ಸೇರಿಕೊಂಡದ್ದು. ಏರುತ್ತಿದ್ದ ಬಲ ಅರ್ಧಕ್ಕೆ ನಿಂತು ಮತ್ತೆ ಹಿಡಿದುಕೊಳ್ಳುತ್ತದೆ, ಗಾಡಿ ಜರ್ಕ್ ಹೊಡೆಯುತ್ತದೆ, ಇಲ್ಲವೇ ನಿನ್ನೆವರೆಗೆ ಇದ್ದ ಪಿಕಪ್ ಇವತ್ತು ಇರುವುದಿಲ್ಲ.

ಇಂಥ ದೂರು ಬಂದಾಗ ಮೊದಲು ಸಂಶಯ ಬೀಳುವುದು ಟರ್ಬೊ ಮೇಲೆ. ಅದು ದುಬಾರಿ ಭಾಗ, ಹೆಸರೂ ದೊಡ್ಡದು. ಆದರೆ ತಪ್ಪು ಟರ್ಬೊದ್ದೇ ಆಗಿರುವುದು ಅಪರೂಪ. ಹೆಚ್ಚಿನ ಸಲ ದೋಷ ಅದರ ಸುತ್ತ ಇರುವ ಪೈಪು, ಕವಾಟ, ಪ್ಲಗ್ಗು, ಸೆನ್ಸರುಗಳಲ್ಲಿ ಇರುತ್ತದೆ. ಈ ತಪ್ಪು ಆರೋಪಕ್ಕೆ ಟರ್ಬೊ ಕಾರುಗಳಷ್ಟೇ ವಯಸ್ಸಾಗಿದೆ.

ಸುಟ್ಟ ಅನಿಲದ ಶಕ್ತಿಯಿಂದಲೇ ಗಾಳಿಯನ್ನು ಒತ್ತಿ ತುಂಬುವ ಏರ್ಪಾಡಿಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ. ಅದು ಮೊದಲು ನೆಲೆ ಕಂಡದ್ದು 1920ರ ದಶಕದಲ್ಲಿ, ಹಡಗುಗಳ ಡೀಸೆಲ್ ಎಂಜಿನ್‌ಗಳಲ್ಲಿ. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವ ಎಂಜಿನ್ನಿಗೆ ಲ್ಯಾಗ್ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ವಿಮಾನಗಳಿಗೂ ಇದು ಒಗ್ಗಿತು: 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, ಸುಮಾರು 14,000 ಅಡಿ ಎತ್ತರಕ್ಕೆ, ವಿಮಾನದ ಎಂಜಿನ್ ಒಂದನ್ನು ಸಾಗಿಸಿ, ತೆಳುವಾದ ಗಾಳಿಯಲ್ಲಿ ಕುಗ್ಗುವ ಬಲವನ್ನು ಟರ್ಬೊ ಮರಳಿ ತಂದುಕೊಡುತ್ತದೆ ಎಂದು ತೋರಿಸಿದ. ಕ್ಷಣಕ್ಷಣಕ್ಕೂ ವೇಗ ಬದಲಿಸುವ ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕಾರ್ವೆರ್ ಮಾದರಿಗಳ ಮೂಲಕ. ಜೆಟ್‌ಫೈರ್‌ನ ಎಂಜಿನ್ ಅಕಾಲ ಸ್ಫೋಟಕ್ಕೆ ಗುರಿಯಾಗದಂತೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಒಳಕ್ಕೆ ಚಿಮುಕಿಸುವ ವ್ಯವಸ್ಥೆ ಇತ್ತು. ಆ ದ್ರವ ಮುಗಿದರೆ ಟರ್ಬೊ ಒತ್ತಡವನ್ನು ತಾನಾಗಿ ತಗ್ಗಿಸುವ ಕವಾಟವೂ ಇತ್ತು. ಮಾಲೀಕರು ದ್ರವ ತುಂಬಿಸಲು ಮರೆತರು, ಕಾರು ಬಲ ಕಳೆದುಕೊಂಡಿತು, ದೂರು ಟರ್ಬೊ ಮೇಲೆ ಬಂತು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಳಚಿ ಸಾದಾ ಕಾರ್ಬುರೇಟರ್ ಕೂರಿಸಲಾಯಿತು. ಟರ್ಬೊ ಮಾತ್ರ ಸರಿಯಾಗಿಯೇ ಇತ್ತು.

ಇಂದಿನ ಕಾರುಗಳಲ್ಲಿ ಈ ತಪ್ಪನ್ನು ತಪ್ಪಿಸಲು ಉಪಾಯವಿದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನೊಡನೆ ಮಾತಾಡುವ ಸ್ಕ್ಯಾನರ್ ಈಗ ಸಣ್ಣ ಗ್ಯಾರೇಜುಗಳಲ್ಲೂ ಸಿಗುತ್ತದೆ. ಆದರೆ ಸ್ಕ್ಯಾನರ್ ಹಾಕಿ ದೋಷಸಂಕೇತ ಓದಿ, ಅದರಲ್ಲಿ ಹೆಸರಿಸಿದ ಭಾಗವನ್ನು ಬದಲಿಸುವುದು ತಪಾಸಣೆಯಲ್ಲ. ಪಿ0299 ಎಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ ಎಂದಷ್ಟೇ ಅರ್ಥ. ಯಾಕೆ ಸಾಲುತ್ತಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಸಂಕೇತಕ್ಕಿಂತ ಹೆಚ್ಚು ಬೆಲೆಯುಳ್ಳದ್ದು, ಎಂಜಿನ್ ಓಡುತ್ತಿರುವಾಗ ಸೆನ್ಸರುಗಳು ಕೊಡುವ ಅಂಕಿಗಳು.

ಮೊದಲ ಅಂಕಿಯನ್ನು ಎಂಜಿನ್ ಚಾಲೂ ಮಾಡುವ ಮುಂಚೆಯೇ ನೋಡಬೇಕು. ಕೀಲಿ ತಿರುಗಿಸಿ ಎಂಜಿನ್ ಹಚ್ಚದೆ ಬಿಟ್ಟರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರ್ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೊಪ್ಯಾಸ್ಕಲ್. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 91. ಇಲ್ಲಿಯೇ ಲೆಕ್ಕ ತಪ್ಪಿದ್ದರೆ ಸೆನ್ಸರೇ ಸುಳ್ಳು ಹೇಳುತ್ತಿದೆ, ಮುಂದಿನ ಯಾವ ಅಂಕಿಯನ್ನೂ ನಂಬುವಂತಿಲ್ಲ. ಅದು ಸರಿಯಿದ್ದರೆ ಗಾಡಿಯನ್ನು ರಸ್ತೆಗಿಳಿಸಿ, ಮೂರನೆಯ ಗೇರಿನಲ್ಲಿ 2,000 ಸುತ್ತಿನ ಆಸುಪಾಸಿನಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟು ನೋಡಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಅಂಕಿ ದಾಖಲಿಸಬೇಕು. ಕಂಪ್ಯೂಟರ್ ಕೇಳಿದ ಒತ್ತಡವೆಷ್ಟು, ಸಿಕ್ಕಿದ ಒತ್ತಡವೆಷ್ಟು ಎಂಬ ಹೋಲಿಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಕೇಳಿದ್ದಕ್ಕಿಂತ ಸಿಕ್ಕಿದ್ದು ಕಡಿಮೆಯಿದ್ದರೆ ದೋಷ ಗಾಳಿಯ ದಾರಿಯಲ್ಲಿದೆ. ಎರಡೂ ಸರಿಸಮವಿದ್ದು ಕಾರು ಇನ್ನೂ ಮುಗ್ಗರಿಸಿದರೆ ಕಿಡಿಯನ್ನೋ ಇಂಧನವನ್ನೋ ನೋಡಬೇಕು.

ಗಾಳಿಯ ದಾರಿಯಲ್ಲಿ ಹೆಚ್ಚಾಗಿ ಸಿಗುವುದು ಸೋರಿಕೆ. ಕಂಪ್ರೆಸರಿನಿಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಥ್ರಾಟಲ್ಲಿಗೆ ಹೋಗುವ ರಬ್ಬರ್ ಹೋಸುಗಳು ಬಿಸಿ ಮತ್ತು ಎಣ್ಣೆಯ ಆವಿಗೆ ಸಿಕ್ಕಿ ವರ್ಷಗಳಲ್ಲಿ ಬಿರುಕು ಬಿಡುತ್ತವೆ, ಕ್ಲಾಂಪುಗಳು ಸಡಿಲವಾಗುತ್ತವೆ. ಕಣ್ಣಿಗೆ ಹೋಸು ಚೆನ್ನಾಗಿಯೇ ಕಾಣುತ್ತದೆ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ಹಾಗೆಯೇ ನೋಡಿ ತೂತು ಹುಡುಕುವುದಿಲ್ಲ. ಗಾಳಿ ತುಂಬಿ, ಉಬ್ಬಿಸಿ, ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ನೋಡುತ್ತಾನೆ. ಸುಮ್ಮನಿದ್ದಾಗ ಮುಚ್ಚಿಕೊಂಡಿದ್ದ ಸೀಳು ಒತ್ತಡ ಬಿದ್ದಾಗ ಬಾಯಿ ತೆರೆಯುತ್ತದೆ. ಟರ್ಬೊ ಹೋಸೂ ಹೀಗೆಯೇ: ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಅದರಲ್ಲಿ ಒತ್ತಡವೇ ಇಲ್ಲ, ಏರು ಹತ್ತುವಾಗ ಹೊರಗಿನದಕ್ಕಿಂತ ಒಂದು ಬಾರ್‌ನಷ್ಟು ಹೆಚ್ಚಿರಬಹುದು. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಎಂಜಿನ್ ರೇಸ್ ಮಾಡಿ ಸೋರಿಕೆ ಹುಡುಕುವವರು ಬರಿಗೈಯಲ್ಲಿ ಉಳಿಯುವುದು ಇದಕ್ಕೇ. ಹಾಗಾಗಿ ಗಾಳಿಯ ದಾರಿಯ ಬಾಯಿ ಮುಚ್ಚಿ, ಹಿತಮಿತ ಒತ್ತಡದಲ್ಲಿ ಗಾಳಿ ತುಂಬಿ, ಜೋಡಣೆಗಳ ಮೇಲೆ ಸೋಪಿನ ನೀರು ಹಾಕಬೇಕು. ಇಲ್ಲವೇ ಯಂತ್ರದಿಂದ ಹೊಗೆ ಹಾಯಿಸಿ ಅದು ಎಲ್ಲಿ ಹೊರಬರುತ್ತದೆಂದು ನೋಡಬೇಕು.

ಸೋರಿಕೆ ಎಲ್ಲಿದೆ ಎಂಬುದನ್ನು ಬಿಚ್ಚುವ ಮೊದಲೇ ಊಹಿಸುವ ಒಂದು ಸೊಗಸಾದ ದಾರಿ ಇದೆ. ಏರ್ ಫಿಲ್ಟರಿನ ಬೆನ್ನಿಗೇ ಏರ್ ಫ್ಲೋ ಸೆನ್ಸರ್ ಇರುವ ಎಂಜಿನ್‌ಗಳಲ್ಲಿ, ಒಳಬಂದ ಗಾಳಿಯನ್ನು ಅಲ್ಲಿ ಅಳೆದು, 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಎಂಬ ತೂಕದ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ಇಂಧನ ಸಿಂಪಡಿಸಲಾಗುತ್ತದೆ. ಸೈಲೆನ್ಸರ್ ದಾರಿಯ ಆಮ್ಲಜನಕ ಸೆನ್ಸರ್ ಫಲಿತಾಂಶ ನೋಡಿ ತಿದ್ದುಪಡಿ ಸೂಚಿಸುತ್ತದೆ. ಈ ತಿದ್ದುಪಡಿಯ ಶೇಕಡಾವಾರು ಅಂಕಿಯೇ ಫ್ಯೂಯೆಲ್ ಟ್ರಿಮ್. ಮ್ಯಾನಿಫೋಲ್ಡಿನಲ್ಲಿ ಬಿರುಕಿದೆ ಎನ್ನೋಣ. ಐಡ್ಲಿಂಗ್‌ನಲ್ಲಿ ಅಲ್ಲಿ ಒತ್ತಡ ವಾತಾವರಣಕ್ಕಿಂತ ಕಡಿಮೆ, ಆದ್ದರಿಂದ ಅಳೆಯದ ಗಾಳಿ ಒಳನುಸುಳುತ್ತದೆ, ಪೆಟ್ರೋಲು ಸಾಲದಾಗುತ್ತದೆ, ಟ್ರಿಮ್ ಧನಾತ್ಮಕವಾಗಿ ಏರುತ್ತದೆ. ಟರ್ಬೊ ಒತ್ತಡ ಬಂದಾಗ ಅದೇ ಬಿರುಕಿನಿಂದ ಅಳೆದ ಗಾಳಿ ಹೊರಹೋಗುತ್ತದೆ, ಪೆಟ್ರೋಲು ಹೆಚ್ಚಾಗುತ್ತದೆ, ಟ್ರಿಮ್ ಋಣಾತ್ಮಕಕ್ಕೆ ಇಳಿಯುತ್ತದೆ, ಸೈಲೆನ್ಸರಿನಿಂದ ಕಪ್ಪು ಹೊಗೆಯೂ ಬರಬಹುದು. ಐಡ್ಲಿಂಗ್‌ನಲ್ಲಿ ಟ್ರಿಮ್ ಸರಿಯಿದ್ದು ಒತ್ತಡದಲ್ಲಿ ಮಾತ್ರ ಕುಸಿದರೆ ತೂತು ಕಂಪ್ರೆಸರ್ ಮತ್ತು ಥ್ರಾಟಲ್ ನಡುವೆ ಇರುವ ಸಾಧ್ಯತೆ ಹೆಚ್ಚು. ಏರ್ ಫ್ಲೋ ಸೆನ್ಸರ್ ಇಲ್ಲದೆ ಮ್ಯಾನಿಫೋಲ್ಡ್ ಒತ್ತಡದಿಂದಲೇ ಗಾಳಿಯ ಲೆಕ್ಕ ಹಾಕುವ ಎಂಜಿನ್‌ಗಳಿಗೆ ಈ ತರ್ಕ ಹೊಂದುವುದಿಲ್ಲ.

ಸೋರಿಕೆ ಸಿಗದಿದ್ದರೆ ವೇಸ್ಟ್‌ಗೇಟ್ ನೋಡಬೇಕು. ಹೆಚ್ಚಾದ ಅನಿಲವನ್ನು ಟರ್ಬೈನಿನ ಪಕ್ಕದಿಂದ ಹಾಯಿಸುವ ಈ ಬಾಗಿಲು ಪೂರ್ತಿ ಮುಚ್ಚಿಕೊಳ್ಳದಿದ್ದರೆ ಒತ್ತಡ ಕಟ್ಟುವುದೇ ಇಲ್ಲ. ಅದನ್ನು ಆಡಿಸುವ ಸಲಾಕೆ, ಸೊಲೆನಾಯ್ಡ್, ಪೆನ್ಸಿಲ್ ದಪ್ಪದ ವ್ಯಾಕ್ಯೂಮ್ ಪೈಪುಗಳು, ಆಕ್ಸಿಲರೇಟರ್ ಬಿಟ್ಟಾಗ ಒತ್ತಡ ಇಳಿಸುವ ಡೈವರ್ಟರ್ ಕವಾಟದ ಪೊರೆ ಇವೆಲ್ಲ ಟರ್ಬೊ ಬೆಲೆಯ ಸಣ್ಣ ಪಾಲಿಗೆ ಸಿಗುವ ಭಾಗಗಳು. ಟರ್ಬೊವೇ ಹಾಳಾದಾಗ ಗುರುತುಗಳು ಬೇರೆ: ನೀಲಿ ಹೊಗೆ, ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆ, ಕಿರುಚುವ ಸದ್ದು, ದಂಡವನ್ನು ಬೆರಳಿನಿಂದ ಆಡಿಸಿದರೆ ಕಂಪ್ರೆಸರ್ ಚಕ್ರ ಗೋಡೆಗೆ ತಾಗುವುದು.

ಒತ್ತಡ ಸರಿಯಿದ್ದೂ ಕಾರು ಮುಗ್ಗರಿಸಿದರೆ ಸರದಿ ಸ್ಪಾರ್ಕ್ ಪ್ಲಗ್ಗಿನದು. ಇಲ್ಲಿ ನಡೆಯುವುದನ್ನು ವಿವರಿಸುವ ನಿಯಮವನ್ನು ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಶ್ ಪಾಶೆನ್ 1889ರಲ್ಲೇ ಪ್ರಕಟಿಸಿದ್ದ; ಆಗ ಟರ್ಬೊದ ಕಲ್ಪನೆಯೂ ಹುಟ್ಟಿರಲಿಲ್ಲ. ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಒತ್ತಡ ಮತ್ತು ತುದಿಗಳ ನಡುವಿನ ಅಂತರ, ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆ ಎಂದು ಅವನು ಕಂಡುಕೊಂಡ. ಅನಿಲ ದಟ್ಟವಾದಷ್ಟೂ ಎಲೆಕ್ಟ್ರಾನು ಸ್ವಲ್ಪವೇ ದೂರ ಸಾಗಿ ಯಾವುದೋ ಅಣುವಿಗೆ ಬಡಿಯುತ್ತದೆ. ಆ ಗಿಡ್ಡ ಓಟದಲ್ಲಿ ಅಣುವನ್ನು ಒಡೆಯುವಷ್ಟು ಶಕ್ತಿ ಗಳಿಸಬೇಕಾದರೆ ವೋಲ್ಟೇಜು ಹೆಚ್ಚಿರಬೇಕು. ಟರ್ಬೊ ಸಿಲಿಂಡರಿನಲ್ಲಿ ತುಂಬುವ ಗಾಳಿಯೇ ಹೆಚ್ಚಾದ್ದರಿಂದ ಕಿಡಿ ಹಾರುವ ಗಳಿಗೆಯ ಒತ್ತಡವೂ ಹೆಚ್ಚು. ಅದಕ್ಕಾಗಿಯೇ ಅನೇಕ ಟರ್ಬೊ ಎಂಜಿನ್‌ಗಳಲ್ಲಿ ಪ್ಲಗ್ಗಿನ ಅಂತರವನ್ನು 0.7ರಿಂದ 0.8 ಮಿಲಿಮೀಟರಿನಷ್ಟು ಕಿರಿದಾಗಿ ಇಡುತ್ತಾರೆ. ಸಾವಿರಾರು ಕಿಲೊಮೀಟರ್ ಓಡಿದಂತೆ ತುದಿಗಳು ಸವೆದು ಅಂತರ ಬೆಳೆಯುತ್ತದೆ. ಐಡ್ಲಿಂಗ್‌ನಲ್ಲಿ, ನಗರದ ನಿಧಾನ ಓಟದಲ್ಲಿ ಕಿಡಿಗೆ ವೋಲ್ಟೇಜು ಒದಗಿಸುವ ಕಾಯಿಲ್ ಅದನ್ನು ನಿಭಾಯಿಸುತ್ತದೆ. ನಾಲ್ಕನೆಯ ಗೇರಿನಲ್ಲಿ ಲಾರಿ ದಾಟಲು ಆಕ್ಸಿಲರೇಟರ್ ತುಳಿದಾಗ ಎಂಜಿನ್ ಮಿಸ್ಸಿಂಗ್ ಆಗುತ್ತದೆ. ಕೆಲವೊಮ್ಮೆ ವಿದ್ಯುತ್ತು ಪ್ಲಗ್ಗಿನ ಅಂತರವನ್ನು ದಾಟಲಾರದೆ ಕಾಯಿಲಿನ ರಬ್ಬರಿನಲ್ಲಿ ಬಿದ್ದ ಸೀಳಿನ ಮೂಲಕ ಬೇರೆ ದಾರಿ ಹಿಡಿಯುತ್ತದೆ.

ಪರೀಕ್ಷೆಗೆ ಹೊಸ ಭಾಗ ಕೊಳ್ಳಬೇಕಾಗಿಲ್ಲ. ಎರಡನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್ ಎಂದು ಪಿ0302 ತೋರಿಸುತ್ತಿದ್ದರೆ ಅದರ ಕಾಯಿಲನ್ನು ಮೂರನೆಯದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಬೇಕು. ಸಂಕೇತ ಪಿ0303ಕ್ಕೆ ಬದಲಾದರೆ ಕಾಯಿಲ್ ಕೆಟ್ಟಿದೆ. ಬದಲಾಗದಿದ್ದರೆ ಪ್ಲಗ್ಗನ್ನೂ ಇಂಜೆಕ್ಟರನ್ನೂ ಹೀಗೆಯೇ ಒಂದೊಂದಾಗಿ ಅದಲುಬದಲು ಮಾಡಬಹುದು.

ಕಿಡಿ ಸರಿಯಾಗಿ ಹಾರಿದರೂ ತಡವಾಗಿ ಹಾರುತ್ತಿರಬಹುದು. ಇಂಧನ ತನ್ನಷ್ಟಕ್ಕೆ ಸಿಡಿಯುವ ನಾಕಿಂಗ್ ಸದ್ದನ್ನು ಸೆನ್ಸರ್ ಕೇಳಿಸಿಕೊಂಡ ಕೂಡಲೇ ಕಂಪ್ಯೂಟರ್ ಕಿಡಿಯನ್ನು ತುಸು ತಡವಾಗಿ ಹಾರಿಸುತ್ತದೆ. ಎಂಜಿನ್ ಉಳಿಯುತ್ತದೆ, ಬಲ ಕುಗ್ಗುತ್ತದೆ. ಕೆಸರು ಮೆತ್ತಿದ ಇಂಟರ್‌ಕೂಲರ್, ಬೇಸಿಗೆಯ ಟ್ರಾಫಿಕ್ಕು, ಕಾರು ಬಯಸುವುದಕ್ಕಿಂತ ಕಡಿಮೆ ಆಕ್ಟೇನಿನ ಪೆಟ್ರೋಲು, ಇವು ಇದರ ಸಾಮಾನ್ಯ ಕಾರಣಗಳು.

ಇಂಧನದ ಕಡೆ, ನೇರ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಎರಡು ಪಂಪುಗಳಿವೆ: ಟ್ಯಾಂಕಿನದು ಕೆಲವು ಬಾರ್ ಒತ್ತಡದ್ದು, ಎಂಜಿನ್ನಿನ ಮೇಲಿನದು 150 ಬಾರ್ ದಾಟುವಂಥದ್ದು. ಇಲ್ಲಿಯೂ ಕೇಳಿದ ಒತ್ತಡ ಮತ್ತು ಸಿಕ್ಕ ಒತ್ತಡದ ಹೋಲಿಕೆಯೇ ದಾರಿ ತೋರಿಸುತ್ತದೆ. ಈ ಎಂಜಿನ್‌ಗಳಲ್ಲಿ ಪೆಟ್ರೋಲು ಸಿಲಿಂಡರಿಗೇ ಬೀಳುವುದರಿಂದ ಒಳಗಾಳಿಯ ಕವಾಟವನ್ನು ತೊಳೆಯುವವರಿಲ್ಲ. ವರ್ಷಗಳಲ್ಲಿ ಅದರ ಮೇಲೆ ಮಸಿ ಕಟ್ಟಿ, ಮುಂಜಾನೆ ತಣ್ಣಗಿದ್ದಾಗ ಎಂಜಿನ್ ತಡವರಿಸುತ್ತದೆ. ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯೊಡನೆ ಸಿಡಿಸಿ ಅದನ್ನು ಕೆರೆಯುವ ವಿಧಾನ ಹಲವೆಡೆ ಬಳಕೆಯಲ್ಲಿದೆ.

ಡೀಸೆಲ್ ಕಾರಿನಲ್ಲಿ ಕಿಡಿಯ ಪ್ರಶ್ನೆಯೇ ಇಲ್ಲ. ಅಲ್ಲಿ ನೀರು ಸೇರಿದ ಇಂಧನ ಫಿಲ್ಟರ್, ಸುಟ್ಟ ಅನಿಲದ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ, ಮಸಿಯಿಂದ ಅರ್ಧ ತೆರೆದೇ ನಿಂತ ಇಜಿಆರ್ ಕವಾಟ, ಟರ್ಬೊ ಒಳಗಿನ ಅಲುಗುಗಳು ಮಸಿಗೆ ಅಂಟಿಕೊಳ್ಳುವುದು, ಇವನ್ನು ಈ ಕ್ರಮದಲ್ಲೇ ನೋಡಬೇಕು. ಊರೊಳಗೆ ನಿಧಾನವಾಗಿ ಮಾತ್ರ ಓಡುವ ಕಾರುಗಳಲ್ಲಿ ಮಸಿಯ ಕಾಟ ಹೆಚ್ಚು.

ತಡವರಿಕೆಗೆ ಮದ್ದು ಎಂದು ಮಾರುವ ಥ್ರಾಟಲ್ ಬೂಸ್ಟರ್ ಪೆಟ್ಟಿಗೆಗಳಿಂದ ಈ ಯಾವ ದೋಷವೂ ಹೋಗುವುದಿಲ್ಲ. ಅವು ಪೆಡಲಿನ ಸಂಕೇತವನ್ನು ಹಿಗ್ಗಿಸಿ, ಕಾಲು ಒತ್ತಿದ್ದಕ್ಕಿಂತ ಹೆಚ್ಚು ಒತ್ತಿದೆ ಎಂದು ಕಂಪ್ಯೂಟರನ್ನು ನಂಬಿಸುತ್ತವೆ, ಅಷ್ಟೇ. ಸೋರುವ ಹೋಸು, ಸವೆದ ಪ್ಲಗ್ಗು ಇದ್ದ ಹಾಗೆಯೇ ಇರುತ್ತವೆ. ದುರಸ್ತಿ ಮಾತ್ರ ಮುಂದಕ್ಕೆ ಹೋಗುತ್ತದೆ.

ಭಾಗ ಬದಲಿಸಿದ ಮೇಲೆ ಸಂಕೇತ ಅಳಿಸಿ ಗಾಡಿ ಒಪ್ಪಿಸಿಬಿಡುವುದು ಸಾಲದು. ಸೋರಿಕೆಯ ಕಾಲದಲ್ಲಿ ಕಂಪ್ಯೂಟರ್ ಕಲಿತ ದೀರ್ಘಾವಧಿ ಟ್ರಿಮ್ ಅದರ ನೆನಪಿನಲ್ಲಿ ಉಳಿದಿದ್ದರೆ, ದುರಸ್ತಿಯಾದ ಎಂಜಿನ್ನೂ ಕೆಲಕಾಲ ಒರಟಾಗಿ ಓಡಬಹುದು. ಅದನ್ನೂ ಅಳಿಸಿ, ಅದೇ ಗೇರು, ಅದೇ ಏರುದಾರಿ, ಅದೇ ವೇಗದಲ್ಲಿ ಮತ್ತೆ ಅಂಕಿ ದಾಖಲಿಸಿ ಹಳೆಯ ದಾಖಲೆಯ ಪಕ್ಕ ಇಟ್ಟು ನೋಡಬೇಕು. ಕೇಳಿದ ಒತ್ತಡವೂ ಸಿಕ್ಕ ಒತ್ತಡವೂ ಜೊತೆಯಾಗಿ ಏರಿ, ಕೆಲವು ದಿನಗಳ ಓಟದ ನಂತರವೂ ದೀರ್ಘಾವಧಿ ಟ್ರಿಮ್ ಸೊನ್ನೆಯ ಆಚೀಚೆ ಶೇಕಡಾ ಐದರ ಒಳಗೇ ಉಳಿದರೆ ದುರಸ್ತಿ ಪೂರ್ತಿಯಾಗಿದೆ.