ಯೋಧರ ಬುತ್ತಿಯಲ್ಲಿ ಸಿಹಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆ ದುರ್ಲಭವಾಯಿತು. ಅಮೆರಿಕೆಯಲ್ಲಿ 1942ರಲ್ಲಿ ಆರಂಭವಾದ ಸಕ್ಕರೆಯ ಪಡಿತರ 1947ರವರೆಗೆ ನಡೆಯಿತು. ಮನೆಗಳಲ್ಲಿ ಅಳೆದು ಬಳಸುತ್ತಿದ್ದ ಸಿಹಿಯನ್ನು ಯೋಧರ ಬುತ್ತಿಗೆ ಮಾತ್ರ ಸೇರಿಸಲು ಕಾರಣವುಂಟು: ಅದು ಹಗುರ, ಬೇಗ ಕೆಡದು, ಬೇಯಿಸದೆ ತಿನ್ನಬಹುದು, ದಣಿದ ದೇಹಕ್ಕೆ ಒಡನೆ ಶಕ್ತಿ ನೀಡುವುದು.

ಆದರೆ ಬರಿಯ ಸಕ್ಕರೆ ಪೋಷಣೆಯಲ್ಲ. ಗ್ರಾಮಿಗೆ 4 ಕ್ಯಾಲರಿಯಷ್ಟೇ, ಸಸಾರಜನಕ ಅದರಲ್ಲಿಲ್ಲ. ಅಂತೆಯೇ ಅಮೆರಿಕೆಯ ಸೇನೆ 1937ರಲ್ಲಿ ರೂಪಿಸಿದ 600 ಕ್ಯಾಲರಿಯ ಚಾಕೊಲೇಟಿಗೆ ಹಾಲಿನ ಪುಡಿ, ಓಟ್ಸ್ ಹಿಟ್ಟು ಬೆರೆಸಲಾಗಿತ್ತು. ನಮ್ಮಲ್ಲಿಯೂ ಸೈನಿಕರ ಆಹಾರ ಸಂಶೋಧನೆಗೆಂದೇ 1961ರಲ್ಲಿ ಮೈಸೂರಿನಲ್ಲಿ ಪ್ರಯೋಗಾಲಯ ಸ್ಥಾಪಿತವಾಯಿತು.

ಸಿಹಿಯೊಡನೆ ಸತ್ವವನ್ನು ಕೂಡಿಸುವ ಈ ತತ್ತ್ವ ಹೆಬ್ಬಳ್ಳಿ ಸೀಮೆಯ ಪಂಚಮಿಯ ಶೇಂಗಾ ಉಂಡಿಯಲ್ಲಿಯೂ ಇದೆ: ಬೆಲ್ಲ ಶಕ್ತಿಗೆ, ಶೇಂಗಾ ಪುಷ್ಟಿಗೆ, ಶೇಂಗಾದ ಕಾಲುಭಾಗ ಸಸಾರಜನಕವೇ. ದಾಸೋಹದ ಪಂಕ್ತಿಯ ಮಕ್ಕಳಿಗೆ ದಾನಿಗಳು ಪೆಪ್ಪರಮಿಂಟಿನ ಬದಲು ಉಂಡಿ ನೀಡುವುದು ಲೇಸು.