ಮರೆವು ಗ್ರಹಚಾರವಲ್ಲ

ಅದಲುಬದಲಾದ ಅಕ್ಷರ ಜೋಡಿಸಿ ಪದ ಕಂಡುಹಿಡಿಯುವ ಆಟ ಪತ್ರಿಕೆ ಓದುವ ಬಹಳ ಜನರಿಗೆ ಬೆಳಗಿನ ಚಹಾದಷ್ಟೇ ರೂಢಿ. ಅಮೆರಿಕದಲ್ಲಿ 1954ರಲ್ಲಿ ಶುರುವಾದ ‘ಜಂಬಲ್’ ಈ ಬಗೆಯ ಪ್ರಸಿದ್ಧ ಆಟ. ಕನ್ನಡದಲ್ಲಿ ಒಂದನ್ನು ಬಿಡಿಸೋಣ: ‘ಹಣಗ್ರ’, ‘ಲುಹಗ’, ‘ರವಿಚಾ’, ‘ಣಕಿರ’.

ಸರಿಪಡಿಸಿದರೆ ಗ್ರಹಣ, ಹಗಲು, ವಿಚಾರ, ಕಿರಣ. ಮೊದಲೆರಡು ಪದಗಳ ಮೊದಲ ಅಕ್ಷರವನ್ನೂ ಕೊನೆಯೆರಡರ ನಡುವಿನ ಅಕ್ಷರವನ್ನೂ ತೆಗೆದುಕೊಳ್ಳಿ. ಸುಳಿವು: ‘ಖಗೋಳ ವಿಜ್ಞಾನಿಗೆ ಲೆಕ್ಕ, ಉಳಿದವರಿಗೆ ದುಃಖ’. ಉತ್ತರ ‘ಗ್ರಹಚಾರ’. ಗ್ರಹಗಳ ಸಂಚಾರ ಎಂಬುದು ಮೂಲಾರ್ಥ. ನಮ್ಮ ಬಾಯಲ್ಲಿ ಅದು ಕೆಟ್ಟ ಕಾಲ.

ಈ ಸಣ್ಣ ಆಟದಲ್ಲಿ ಮಿದುಳಿಗೆ ಕೆಲಸ ಬಹಳ. ಅಕ್ಷರಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು, ತಿರುಗಿಸಿ ನೋಡಬೇಕು, ಗೊತ್ತಿರುವ ಪದಗಳೊಡನೆ ತಾಳೆ ನೋಡಬೇಕು. ವಯಸ್ಸಾದಂತೆ ಇದು ನಿಧಾನವಾಗುವುದು ಸಹಜ. ಹೆಸರು ಆಗ ನೆನಪಾಗದೆ ಆಮೇಲೆ ಹೊಳೆದರೆ ಹೆದರಬೇಕಿಲ್ಲ.

ಆದರೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಗೊತ್ತಿದ್ದ ಹಣದ ಲೆಕ್ಕ ತಪ್ಪುವುದು, ದಿನವೂ ನಡೆದ ದಾರಿ ತಿಳಿಯದಿರುವುದು ಸಹಜವಲ್ಲ. ಕೃಷ್ಣೆಯ ದಂಡೆಯಲ್ಲಿ, ನೀಲಾಂಬಿಕೆಯ ಐಕ್ಯಸ್ಥಳವಿರುವ ತಂಗಡಗಿಯಂಥ ಊರಲ್ಲಿ ಹಿರಿಯರೊಬ್ಬರು ದಾರಿ ತಪ್ಪಿ ಹೊಳೆಯತ್ತ ನಡೆದರೆ ಪ್ರಾಣಕ್ಕೇ ಅಪಾಯ. ‘ಅರವತ್ತಕ್ಕೆ ಅರಳು ಮರಳು’, ‘ಎಲ್ಲಾ ಗ್ರಹಚಾರ’ ಎಂದು ಮನೆಯವರು ಸುಮ್ಮನಾದರೆ ಚಿಕಿತ್ಸೆಯ ಕಾಲ ಕಳೆದುಹೋಗುತ್ತದೆ.

ಏಕೆಂದರೆ ಎಲ್ಲ ಮರೆವೂ ವಾಸಿಯಾಗದ ಕಾಯಿಲೆಯಲ್ಲ. ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿರಬಹುದು. ಬಿ12 ಜೀವಸತ್ವ ಕಡಿಮೆಯಾಗಿರಬಹುದು. ಬರೀ ಸಸ್ಯಾಹಾರ ಉಣ್ಣುವವರಲ್ಲಿ ಇದರ ಸಂಭವ ಹೆಚ್ಚು. ಮನಸ್ಸಿನ ಖಿನ್ನತೆ, ನಿದ್ದೆಯ ಗುಳಿಗೆ, ಬಿದ್ದು ತಲೆಗೆ ಪೆಟ್ಟಾದ ಮೇಲೆ ಒಳಗೆ ನಿಧಾನವಾಗಿ ಸೇರುವ ರಕ್ತವೂ ಕಾರಣವಾಗಬಹುದು. ಇವುಗಳಿಗೆಲ್ಲ ಪರಿಹಾರವುಂಟು. ಮುದ್ದೇಬಿಹಾಳದ ತಾಲ್ಲೂಕು ಆಸ್ಪತ್ರೆಗೋ ಹತ್ತಿರದ ವೈದ್ಯರಲ್ಲಿಗೋ ಹಿರಿಯರನ್ನು ಕರೆತನ್ನಿ. ಅವರು ನುಂಗುವ ಎಲ್ಲ ಗುಳಿಗೆಗಳನ್ನೂ ಜೊತೆಗೆ ತನ್ನಿ.

ಹಾಗಾದರೆ ಪದದಾಟ ಆಡಿದರೆ ಮರೆವು ಬಾರದೇ? ಅಮೆರಿಕದಲ್ಲಿ ಅಲ್ಪ ಮರೆವಿದ್ದ 107 ಮಂದಿಯನ್ನು 78 ವಾರ ಗಮನಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಪದಬಂಧ ಬಿಡಿಸಿದವರು ಕಂಪ್ಯೂಟರ್ ಆಟ ಆಡಿದವರಿಗಿಂತ ತುಸು ಮೇಲಾಗಿದ್ದರು. ಪದಬಂಧ ಮರೆಗುಳಿ ಕಾಯಿಲೆಯನ್ನು ತಡೆಯುತ್ತದೆ ಎಂಬುದು ಇಷ್ಟರಿಂದ ಸಿದ್ಧವಾಗದು. ಆಟ ಆಡಿ, ಅದನ್ನೇ ಔಷಧವೆಂದು ನಂಬಬೇಡಿ. ಓದುಬರಹ ಬಾರದ ಹಿರಿಯರು ಮೊಮ್ಮಕ್ಕಳೊಡನೆ ಒಗಟು, ಒಡಪು ಹೇಳಲಿ. ಅದೂ ಮಿದುಳಿಗೆ ವ್ಯಾಯಾಮವೇ.

ಹೆಚ್ಚು ಫಲ ಕೊಡುವ ಕ್ರಮಗಳು ಬೇರೆ ಇವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡಿ. ಬೀಡಿ, ಸಿಗರೇಟು ಬಿಡಿ. ದಿನವೂ ನಡೆಯಿರಿ. ಕಿವಿ ಮಂದವಾಗಿದ್ದರೆ ಯಂತ್ರ ಹಾಕಿಸಿಕೊಳ್ಳಿ. ಒಂಟಿಯಾಗಿ ಕೂರದೆ ನಾಲ್ಕು ಜನರೊಡನೆ ಬೆರೆಯಿರಿ. ಇಂಥ 14 ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಮರೆಗುಳಿ ಕಾಯಿಲೆಯಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಅಂದಾಜಿಸಿದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಮಾತು ಒಮ್ಮೆಲೇ ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲಿನ ಶಕ್ತಿ ಕುಂದಿದರೆ ಅದು ಪಾರ್ಶ್ವವಾಯು ಆಗಿರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪಂಚಾಂಗ ತೆರೆಯುವ ಮೊದಲು 108ಕ್ಕೆ ಫೋನ್ ಮಾಡಿ.