ಪಾಲಿಗೆ ಮತವೋ, ಸದಸ್ಯನಿಗೆ ಮತವೋ?

ಸಹಕಾರಿ ಸಂಘದ ಮಹಾಸಭೆಯಲ್ಲಿ ಒಂದು ಪಾಲು ಇರುವವರಿಗೂ ನೂರು ಪಾಲು ಇರುವವರಿಗೂ ಒಂದೇ ಮತ. ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರಿ ಪತ್ತಿನ ಕೆಲಸಕ್ಕೆ ಕೈಹಾಕಿದ ಕಾಲದಿಂದ ಇದು ನಮ್ಮ ಜಿಲ್ಲೆಗೆ ತಿಳಿದ ಮಾತು. ತಿಳಿದ ಮಾತಾದ್ದರಿಂದಲೇ ಅದರ ಬೆಲೆಯನ್ನು ನಾವು ಅಷ್ಟಾಗಿ ಎಣಿಸುವುದಿಲ್ಲ. ಜಗತ್ತಿನ ಬಡತನ ನೀಗಿಸಲು ಹುಟ್ಟಿದ ದೊಡ್ಡ ಸಂಸ್ಥೆಗಳಲ್ಲಿ ಈ ನಿಯಮ ನಡೆಯುವುದಿಲ್ಲ. ಅಲ್ಲಿ ಪಾಲಿಗೆ ತಕ್ಕಂತೆ ಮತ. ಬೇರೆ ದಾರಿ ಇತ್ತು, ಅದನ್ನು ಸೂಚಿಸಿದವರಲ್ಲಿ ನಮ್ಮವರೇ ಇಬ್ಬರಿದ್ದರು ಎಂಬುದನ್ನು ಸದಸ್ಯ ಬಾಂಧವರು ತಿಳಿದಿರಬೇಕು.

ಮೊದಲನೆಯವರು ಡಾ. ವಿ.ಕೆ.ಆರ್.ವಿ. ರಾವ್. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ, 1967ರಿಂದ 1969ರವರೆಗೆ ಕೇಂದ್ರದಲ್ಲಿ ಸಾರಿಗೆ ಮತ್ತು ಹಡಗು ಖಾತೆ ನೋಡಿಕೊಂಡವರು. (ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ ನಡೆಯುತ್ತಿದ್ದ ವರ್ಷಗಳವು.) 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಆದರೆ ನಾವು ಹೇಳಹೊರಟದ್ದು ಅದಕ್ಕೂ ಹಿಂದಿನ ಸಂಗತಿ. 1949ರಲ್ಲಿ ಅವರು ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದರು. ಬಡ ದೇಶಗಳ ಅಭಿವೃದ್ಧಿಗೆ ಹಣ ಒದಗಿಸುವ ಪ್ರತ್ಯೇಕ ಆಡಳಿತವೊಂದು ವಿಶ್ವಸಂಸ್ಥೆಯ ಕೆಳಗೇ ಇರಬೇಕೆಂದು ಆಗ ಅವರು ಸೂಚಿಸಿದರು.

ವಿಶ್ವಬ್ಯಾಂಕು ಆಗಲೇ ಇತ್ತಲ್ಲ, ಮತ್ತೊಂದು ಯಾಕೆ ಎಂದು ಕೇಳಬಹುದು. ಅಡಿಕೆ ಸಸಿ ನೆಟ್ಟವನಿಗೆ ಫಸಲು ಕೈಗೆ ಬರಲು ಐದಾರು ವರ್ಷ ಬೇಕು. ಮೊದಲ ವರ್ಷದಿಂದಲೇ ಬಡ್ಡಿ ಸಹಿತ ಕಂತು ಕಟ್ಟು ಎಂದರೆ ತೋಟ ಏಳುವ ಮೊದಲೇ ಬೆಳೆಗಾರ ಮುಳುಗುತ್ತಾನೆ. ಶಾಲೆ, ಕುಡಿಯುವ ನೀರು, ಹಳ್ಳಿಯ ಮಾರ್ಗ ಇವಂತೂ ಅಡಿಕೆಗಿಂತ ನಿಧಾನದ ಫಸಲು. ವ್ಯಾಪಾರಿ ಬಡ್ಡಿಯ ಸಾಲದಿಂದ ಇಂಥ ಕೆಲಸ ಆಗದು ಎಂಬುದು ರಾಯರ ವಾದ.

ಎರಡನೆಯವರು ಪುಣೆಯ ಪ್ರೊ. ಡಿ.ಆರ್. ಗಾಡ್ಗೀಳರು. ಸಹಕಾರಿಗಳಿಗೆ ಇವರ ಹೆಸರು ಹೊಸದಲ್ಲ. ಮಹಾರಾಷ್ಟ್ರದ ಪ್ರವರಾ ಸಹಕಾರಿ ಸಕ್ಕರೆ ಕಾರ್ಖಾನೆಯ ಮೊದಲ ಅಧ್ಯಕ್ಷರು. ಕಬ್ಬು ಬೆಳೆಗಾರರ ಕಾರ್ಖಾನೆಯ ಲೆಕ್ಕ ನೋಡುತ್ತಿದ್ದ ಕಾಲದಲ್ಲೇ ಅವರು ಆರ್ಥರ್ ಲೂಯಿಸ್ ಮುಂತಾದವರೊಡನೆ ವಿಶ್ವಸಂಸ್ಥೆಯ ಐವರು ತಜ್ಞರ ಸಮಿತಿಯಲ್ಲಿ ಕುಳಿತರು. ಬಡ ದೇಶಗಳಿಗೆ ನೆರವು ನೀಡಲು ಅಂತಾರಾಷ್ಟ್ರೀಯ ಪ್ರಾಧಿಕಾರವೊಂದು ಬೇಕೆಂದು 1951ರಲ್ಲಿ ಆ ಸಮಿತಿಯೂ ವರದಿ ಕೊಟ್ಟಿತು.

ಶ್ರೀಮಂತ ದೇಶಗಳು, ಮುಖ್ಯವಾಗಿ ಅಮೆರಿಕ, ಇದಕ್ಕೆ ಒಪ್ಪಲಿಲ್ಲ. ಕಾರಣ ಗುಟ್ಟಿನದೇನಲ್ಲ. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ದೇಶಕ್ಕೊಂದು ಮತ. ಹಣ ಹಾಕುವವರು ಕೆಲವರು, ಕೈ ಎತ್ತುವವರು ಹಲವರು. ಹತ್ತು ವರ್ಷಗಳ ಎಳೆದಾಟದ ನಂತರ 1960ರಲ್ಲಿ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಘ, ಅಂದರೆ ಐಡಿಎ, ಹುಟ್ಟಿತು. ಆದರೆ ಅದು ಹುಟ್ಟಿದ್ದು ವಿಶ್ವಬ್ಯಾಂಕಿನ ಮನೆಯಲ್ಲಿ. ಆರಂಭದ ಸಾಲಗಳ ಕರಾರು ರಾಯರು ಬಯಸಿದ ಜಾತಿಯದೇ: 50 ವರ್ಷದ ವಾಯಿದೆ, ಮೊದಲ 10 ವರ್ಷ ಅಸಲಿನ ಕಂತಿಲ್ಲ, ಬಡ್ಡಿಯ ಬದಲು ನೂರಕ್ಕೆ ಮುಕ್ಕಾಲು ರೂಪಾಯಿ ಸೇವಾಶುಲ್ಕ. ಮತವು ಮಾತ್ರ ಹಣಕ್ಕೆ ತಕ್ಕಷ್ಟು. ಮರ ಕೊಟ್ಟರು, ಏಣಿ ತಮ್ಮ ಬಳಿ ಇಟ್ಟುಕೊಂಡರು.

ಇಷ್ಟಾದರೂ ಕೆಲಸ ಆಗಲಿಲ್ಲ ಎನ್ನುವುದು ನ್ಯಾಯವಲ್ಲ. ಬಹುಕಾಲ ಐಡಿಎಯಿಂದ ಅತಿ ಹೆಚ್ಚು ಸಾಲ ಪಡೆದ ದೇಶ ಭಾರತವೇ. 2002ರಲ್ಲಿ ಆರಂಭವಾದ ನಮ್ಮ ರಾಜ್ಯದ ಜಲಸಂವರ್ಧನ ಕೆರೆ ಯೋಜನೆಗೂ ಅದರ ಹಣ ಬಂದಿದೆ. 2014ರಲ್ಲಿ ಭಾರತ ಆ ಸಾಲದ ಪಟ್ಟಿಯಿಂದ ಹೊರಬಂದು ಕೊಡುವವರ ಸಾಲಿಗೂ ಸೇರಿತು.

ಇದರಿಂದ ನಮಗೇನು ಎನ್ನುವವರು ಮಾಣಿಯ ಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಮಡಿಕೇರಿ ಕಡೆಯ ಮಾರ್ಗ ಬೆಂಗಳೂರು ಹೆದ್ದಾರಿಯನ್ನು ಸೇರುವುದು ಅಲ್ಲಿ. ಕೊಡಗಿನ ಕಾಫಿ ಬಂದರಿಗೆ ಇಳಿಯುವುದು ಅದೇ ದಾರಿಯಲ್ಲಿ. ಆ ಲೋಡಿನ ಧಾರಣೆಯೂ ಒಂದು ಕಾಲದಲ್ಲಿ ಮತದ ಲೆಕ್ಕಕ್ಕೆ ಸಿಕ್ಕಿತ್ತು. 1962ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಬೆಳೆಯುವ ದೇಶಗಳಿಗೆಲ್ಲ ಸೇರಿ 1,000 ಮತ, ಕುಡಿಯುವ ದೇಶಗಳಿಗೆಲ್ಲ ಸೇರಿ 1,000 ಮತ. ಎರಡು ಪಂಗಡವೂ ಒಪ್ಪಿದರೆ ಮಾತ್ರ ದೊಡ್ಡ ತೀರ್ಮಾನ. ಪಂಗಡದೊಳಗೆ ವ್ಯಾಪಾರ ದೊಡ್ಡದಿದ್ದವರ ಮಾತೇ ನಡೆಯುತ್ತಿತ್ತು, ಆದರೂ ಬೆಳೆಯುವವರನ್ನು ಬಿಟ್ಟು ಕುಡಿಯುವವರು ಏನೂ ನಿರ್ಧರಿಸುವಂತಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಬೆಳೆಗಾರ ದೇಶಗಳಿಗೆ ಅಂತಾರಾಷ್ಟ್ರೀಯ ಮಟ್ಟದಲ್ಲಿ ಸಿಕ್ಕಿದ ಮರ್ಯಾದೆಯ ಜಾಗ ಅದೊಂದೇ. 1989ರ ಜುಲೈಯಲ್ಲಿ ಕೋಟಾ ಪದ್ಧತಿ ಮುರಿದುಬಿತ್ತು. ಕೆಲವೇ ತಿಂಗಳಲ್ಲಿ ಜಾಗತಿಕ ಧಾರಣೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಅಡಿಕೆಗೆ ಅಂಥ ಒಪ್ಪಂದ ಯಾವತ್ತೂ ಇರಲಿಲ್ಲ. 1973ರಲ್ಲಿ ಕ್ಯಾಂಪ್ಕೋ ಕಟ್ಟಿಕೊಂಡದ್ದು ನಾವು ನಾವೇ.

ಹಣಕಾಸಿನ ಸಂಸ್ಥೆಗಳ ಮತ ತಿದ್ದಬೇಕೆಂಬ ಬೇಡಿಕೆಯನ್ನು ವಿಶ್ವವಿದ್ಯಾಲಯಗಳ ಪಂಡಿತರು ಈಗಲೂ ಬಿಟ್ಟಿಲ್ಲ. 2010ರಲ್ಲಿ ಒಪ್ಪಿದ ತಿದ್ದುಪಡಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಜಾರಿಗೆ ಬಂದದ್ದು 2016ರಲ್ಲಿ. ಆ ಬಳಿಕವೂ ಅಲ್ಲಿ ಭಾರತದ ಮತ ನೂರಕ್ಕೆ ಮೂರನ್ನು ಮುಟ್ಟಿಲ್ಲ. ಅಮೆರಿಕದ್ದು ಹದಿನಾರಕ್ಕಿಂತ ಹೆಚ್ಚು. ದೊಡ್ಡ ಠರಾವುಗಳಿಗೆ 85 ಬೇಕಾದ್ದರಿಂದ ಆ ಒಂದು ದೇಶ ತಲೆಯಾಡಿಸದೆ ಏನೂ ಅಲುಗದು. 2023ರ ಡಿಸೆಂಬರಿನಲ್ಲಿ ನಿಧಿಯ ಪಾಲು ಬಂಡವಾಳವನ್ನು ಅರ್ಧದಷ್ಟು ಹೆಚ್ಚಿಸಲು ಒಪ್ಪಿಗೆಯಾಯಿತು. ಹೆಚ್ಚಳ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ, ಹಾಗಾಗಿ ಯಾರ ಪಾಲು ಎಷ್ಟು ಎಂಬ ಲೆಕ್ಕ ಇದ್ದಲ್ಲೇ ಉಳಿಯಿತು.